ಬಾಳಮ್ಮ ಮಿಸರಿ ಬಿಟ್ಟಳು

ಚೌಡಾಪುರದ ಆ ಓಣಿಗೆ ಬೆಳಗಾಗುತ್ತಿದ್ದುದೇ ತಂಬಾಕಿನ ಘಾಟಿನಿಂದ. ಬಾಳಮ್ಮ ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಆ ಮಿಸರಿಯನ್ನು ಹಲ್ಲಿಗೆ ತಿಕ್ಕಿಕೊಳ್ಳುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಹಲ್ಲುನೋವಿಗೆಂದು ಶುರುವಾದದ್ದು, ನಲವತ್ತರ ಹೊತ್ತಿಗೆ ದಿನಕ್ಕೆ ಏಳೆಂಟು ಸಲವಾಗಿತ್ತು. ತಿಕ್ಕದಿದ್ದರೆ ತಲೆ ಸಿಡಿಯುತ್ತಿತ್ತು, ತೊಗರಿ ಹೊಲದಲ್ಲಿ ಕೈ ಓಡುತ್ತಿರಲಿಲ್ಲ. ಪಕ್ಕದ ಮನೆಯ ಜೈತುನಬಿಗೂ ಅದೇ ಚಟ.

೧೯೮೬ರಲ್ಲಿ ಹಲ್ಲು ಕೀಳಿಸಲು ಅಫಜಲಪುರಕ್ಕೆ ಹೋದಾಗ ಡಾಕ್ಟರಮ್ಮ ಬ್ಯಾಟರಿ ಹಿಡಿದು ನೋಡಿದರು. ತುಟಿಯ ಒಳಗೆ ಬೆಳ್ಳನೆಯ ಕಲೆಯಿತ್ತು.

"ಮಿಸರಿ ತಿಕ್ತೀಯೇನವ್ವಾ? ಈಗ ಬಿಟ್ರ ಈ ಕಲೆ ಹೋಗಬಹುದು. ಬಿಡಲಿಲ್ಲಂದ್ರ ಇದೇ ಕ್ಯಾನ್ಸರ್ ಆಗೋ ಅಂಜಿಕಿ ಅದ. ಆರು ತಿಂಗಳಿಗೆ ಬಂದು ತೋರಿಸು."

ಬಸ್ಸಿಳಿದವಳೇ ಬಾಳಮ್ಮ ನೇರ ಜೈತುನಬಿಯ ಅಂಗಳಕ್ಕೆ ಬಂದಳು. "ಬಿಟ್ರ ಇಬ್ರೂ ಕೂಡಿ ಬಿಡೋಣ ಬೇ. ಒಬ್ಬಾಕಿ ಕೈಲಿ ಆಗೂದಲ್ಲ."

ಇಬ್ಬರೂ ತಮ್ಮ ಮಿಸರಿ ಡಬ್ಬಿಗಳನ್ನು ತಿಪ್ಪೆಗೆ ಸುರುವಿದರು. ಮೊದಲ ವಾರ ಓಣಿಯವರಿಗೆ ಉಳಿಗಾಲವಿರಲಿಲ್ಲ. ಬಾಳಮ್ಮ ಎಮ್ಮೆಯನ್ನು ಬೈದಳು, ಗಂಡ ಮಾಳಿಂಗಪ್ಪನನ್ನು ಬೈದಳು, ಬೀಸುವ ಗಾಳಿಯನ್ನೂ ಬೈದಳು. ಮಿಸರಿ ಬೇಕೆನ್ನುವ ತಲಬು ಎದ್ದಾಗಲೆಲ್ಲ ಹುರಿದ ಅಜವಾನದ ಕಾಳು ಬಾಯಿಗೆ ಹಾಕಿಕೊಂಡಳು. ಎಂಟನೆಯ ದಿನ ಕಣಿಕೆಯ ಬಣವೆಯ ಹಿಂದಿನಿಂದ ಜೈತುನಬಿ ಬಾಯೊರೆಸಿಕೊಳ್ಳುತ್ತ ಬಂದಳು. ಹಲ್ಲಿಗೆ ಕರಿ ಪುಡಿ ಮೆತ್ತಿತ್ತು.

"ಏನ್ ಬೇ ಇದು?"

"ರೊಟ್ಟಿ ಸೀದಿತ್ತವ್ವಾ, ಅದನ್ನ ತಿಂದೆ."

"ರೊಟ್ಟಿ ತಿನ್ನಾಕ ಬಣವಿ ಹಿಂದ ಹೋಗಿದ್ದೇನು?"

ಜೈತುನಬಿ ಅಳಲು ಹೊರಟವಳು ನಕ್ಕೇಬಿಟ್ಟಳು. ಬಾಳಮ್ಮನಿಗೂ ನಗು ತಡೆಯಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಅವಳ ಅಂಗೈಗೆ ಅಜವಾನ ಹಾಕಿ, "ಇವತ್ತಿಂದ ಹೊಸದಾಗಿ ಹಿಡಿಯೋಣ" ಎಂದಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಾಳಮ್ಮ ತಾನೇ ಮಾಡಿದ ಪುಂಡಿಪಲ್ಯವನ್ನು ಬಾಯಿಗಿಟ್ಟವಳು ತಟಕ್ಕನೆ ಉಗುಳಿದಳು.

"ಅಯ್ಯ! ಇಷ್ಟ ಉಪ್ಪು ಯಾರು ಹಾಕ್ಯಾರ?"

ಮಾಳಿಂಗಪ್ಪ ತಣ್ಣಗೆ ಉಣ್ಣುತ್ತಲೇ ಹೇಳಿದ: "ಇಪ್ಪತ್ತ ವರ್ಷದಿಂದ ಇಷ್ಟ ಹಾಕ್ತಿ."

"ಮತ್ತ ಒಂದಿನಾನೂ ಹೇಳಲಿಲ್ಲಲ್ಲ?"

"ಹೇಳಿದ್ರ ಊಟಾನೂ ಹೋಗ್ತಿತ್ತು."

ಮಿಸರಿಯಿಂದ ಮರಗಟ್ಟಿದ ನಾಲಿಗೆಗೆ ರುಚಿ ಮರಳಿತ್ತು. ಅಂದು ಬಾಳಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಮರುದಿನ ಹೊಸದಾಗಿ ಮದುವೆಯಾದವಳಂತೆ ಎಲ್ಲದರ ರುಚಿ ನೋಡಿ ನೋಡಿ ಅಡಿಗೆ ಮಾಡಿದಳು. ಮಾಳಿಂಗಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಆರು ತಿಂಗಳಿಗೆ ಇಬ್ಬರೂ ಡಾಕ್ಟರಮ್ಮನ ಮುಂದೆ ಬಾಯಿ ತೆರೆದು ಕೂತರು. ಬಾಳಮ್ಮನ ಕಲೆ ಮಾಯವಾಗಿತ್ತು, ಜೈತುನಬಿಯ ಬಾಯಿ ಸ್ವಚ್ಛವಿತ್ತು. ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕೆಂದು ಹೇಳಿ ಡಾಕ್ಟರಮ್ಮ ಕಳಿಸಿಕೊಟ್ಟರು.

ಸುದ್ದಿ ಕೇಳಿ ಓಣಿಯ ಐವರು ಹೆಂಗಸರು ತಾವೂ ಬಿಡುತ್ತೇವೆಂದು ಬಂದರು. ಬಾಳಮ್ಮ ಅವರನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದಳು.

"ಮೊದಲಿಗೆ ಹಲ್ಲು ತೋರಿಸ್ರಿ" ಎಂದಳು. "ಜೈತುನಬಿ, ನೀ ಬಣವಿ ಕಾಯಿ."