ಖಾಕಿ ಹೊದಿಕೆಯೊಳಗಿನ ರಾಣಿ

...ಎಡಗೈಯೋ ಬಲಗೈಯೋ, ಈಗ ಖಚಿತವಿಲ್ಲ. ಚಾಚಾರ ಒಂದು ಹೆಬ್ಬೆರಳಿನ ಉಗುರಿನಡಿ ಮಾತ್ರ ಯಾವಾಗಲೂ ಒಣಗಿದ ಮೈದಾ ಅಂಟು ಇರುತ್ತಿತ್ತು. ಮಲಾಡ್ ಸ್ಟೇಷನ್ ಪಕ್ಕ ಬಾಡಿಗೆ ಪುಸ್ತಕಗಳ ಅಂಗಡಿ ಇಟ್ಟಿದ್ದರು. ವಿಜಾಪುರದ ಕಡೆಯವರು, ನಾವು ಚಾಚಾ ಎನ್ನುತ್ತಿದ್ದೆವು. ಬಂದ ಪುಸ್ತಕಕ್ಕೆಲ್ಲ ಖಾಕಿ ಕಾಗದದ ಹೊದಿಕೆ ಹಾಕಿಯೇ ಕಪಾಟಿಗೆ ಏರಿಸುವರು.

ಎಂಬತ್ತರ ದಶಕದ ಕೊನೆ. ನಮಗೆ ಐದಾರು ಕನ್ನಡದ ಹುಡುಗ ಹುಡುಗಿಯರಿಗೆ ಅಲ್ಲಿ ಸಿಗುತ್ತಿದ್ದ ಇಂಗ್ಲಿಷ್ ಮಾಯಾಲೋಕದ ಕಾದಂಬರಿಗಳ ಹುಚ್ಚು. ಚಾಚಾರಿಗೆ ಇಂಗ್ಲಿಷ್ ಬಾರದು, ಮುಖಪುಟ ನೋಡುತ್ತಿದ್ದರು.

"ಎಲ್ಲಾರೂ ಹಾಲಿನಂಗ ಬೆಳ್ಳಗ ಅದಾರಲ್ಲ. ಈ ರಾಜ್ಯದಾಗ ಬಿಸಿಲ ಬೀಳಂಗಿಲ್ಲೇನು ಬೇಟಿ?"

ಕಪ್ಪು ಮೈಯವರೂ ಆ ಪುಸ್ತಕಗಳಲ್ಲಿ ಇದ್ದರು, ಶತ್ರುಸೈನ್ಯದಲ್ಲಿ.

ನಮ್ಮದೇ ಕೈಬರಹದ ಪತ್ರಿಕೆಯೊಂದಿತ್ತು, ಒಂದೇ ಪ್ರತಿ. ಮನೆಯಿಂದ ಮನೆಗೆ ಸುತ್ತುತ್ತಿತ್ತು. ಕೊನೆಯ ಖಾಲಿ ಹಾಳೆಗಳಲ್ಲಿ ಓದಿದವರು ಅಭಿಪ್ರಾಯ ಬರೆಯಬೇಕು. ಒಮ್ಮೆ ಕಥೆಯೂ ಮುಖಪುಟವೂ ನನ್ನವು. ನನ್ನ ತೋಳನ್ನೇ ಪಕ್ಕಕ್ಕಿಟ್ಟುಕೊಂಡು ರಾಣಿಗೆ ಬಣ್ಣ ಬೆರೆಸಿದ್ದೆ. ಎರಡು ಮನೆ ಸುತ್ತುವುದರೊಳಗೆ ಹಾಳೆಯಲ್ಲಿ ಬಂತು: 'ಇವಳು ರಾಣಿಯೋ ರಾಕ್ಷಸಿಯೋ?' ಕೆಳಗೆ ಇನ್ನೊಬ್ಬರು: 'ಬೆಸ್ಟ್ ಜೋಕ್.'

ಸಂಪಾದಕ ಬೊರಿವಲಿಯ ಹುಡುಗ. ಅಂಗಡಿಯಲ್ಲೇ, ನಗುತ್ತಲೇ ಹೇಳಿದ: "ಬುರಾ ಮತ್ ಮಾನ್, ನಿನ್ನ ಬಗ್ಗೆ ಹೇಳ್ತಾ ಇಲ್ಲ. ಕಲರ್ ಚೇಂಜ್ ಮಾಡು, ಇಲ್ದಿದ್ರೆ ಈ ಇಶ್ಯೂ ಇಲ್ಲಿಗೇ ಬಂದ್."

ಚಾಚಾ ಹರಿದ ಪುಸ್ತಕ ಹೊಲಿಯುತ್ತಿದ್ದ ಸೂಜಿ ಕೆಳಗಿಟ್ಟರು. "ಕುದುರಿಗೆ ರೆಕ್ಕಿ ಇದ್ರ ನಡೀತದ, ರಾಣಿ ಕರ್ರಗಿದ್ರ ನಡಿಯಂಗಿಲ್ಲೇನಪಾ?"

ಆಮೇಲೆ ಚಾಚಾ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಐತವಾರ ತನಕ ನನ್ನ ಹಂತ್ಯಾಕ ಇರ್ಲಿ."

ಭಾನುವಾರ ಅದು ಖಾಕಿ ಹೊದಿಕೆ ತೊಟ್ಟು ಕೂತಿತ್ತು. ರಾಣಿ ಕಾಣುತ್ತಿರಲಿಲ್ಲ, ಆದ್ದರಿಂದ ತಕರಾರೂ ಇರಲಿಲ್ಲ; ಪತ್ರಿಕೆ ಮನೆಗಳನ್ನೆಲ್ಲ ಸುತ್ತಿ ಅಂಗಡಿಗೇ ಮರಳಿತು.

"ಒಳಗ ಹಂಗ ಅದಾಳ, ಸುಮ್ನಿರು" ಎಂದರು ನನಗೆ.

ವರ್ಷಗಟ್ಟಲೆ ಇದನ್ನು ಅವರ ಧೈರ್ಯದ ಕಥೆಯಾಗಿ ಹೇಳುತ್ತ ಬಂದೆ. ಮುಚ್ಚಿಟ್ಟದ್ದನ್ನು ಕಾಪಾಡಿದ್ದು ಎಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು.

ಅವರು ತೀರಿಕೊಂಡ ಮೇಲೆ, ಅಂಗಡಿ ಖಾಲಿ ಮಾಡುವಾಗ, ಮಗಳು ಆ ಪ್ರತಿಯನ್ನು ನನಗೆ ಕೊಟ್ಟಳು. ಲೋಕಲ್ ರೈಲಿನಲ್ಲಿ ಕೂತು ಹೊದಿಕೆ ಬಿಚ್ಚಿದೆ. ರಾಣಿಯ ಮುಖಕ್ಕೆ ಯಾರೋ ದಪ್ಪಗೆ ಗುಲಾಬಿ ಬಣ್ಣ ಬಳಿದಿದ್ದರು. ಕೈಗಳು ಮಾತ್ರ ನಾನು ಬೆರೆಸಿದ ಬಣ್ಣದವೇ.

ಬಳಿದವರು ಚಾಚಾ ಅವರೇ? ಸಂಪಾದಕನೇ? ಪತ್ರಿಕೆ ಅಂಗಡಿಯಲ್ಲಿದ್ದ ಆ ವಾರ ಬಣ್ಣದ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಒಂದು ಮಧ್ಯಾಹ್ನ ಒಬ್ಬಳೇ ಅಂಗಡಿಗೆ ಹೋಗಿದ್ದೂ ನೆನಪಿದೆ. ಹೋಗಿ ಏನು ಮಾಡಿದೆ, ನೆನಪಿಲ್ಲ. 'ಒಳಗ ಹಂಗ ಅದಾಳ' ಎಂದಾಗ ಅವರು ಯಾರನ್ನು ಕಾಪಾಡುತ್ತಿದ್ದರೋ, ನನಗೆ ಗೊತ್ತಿಲ್ಲ.