ಅಕ್ಕನ ಗದ್ದಿಗೆ ಕಂಬಳಿ

ಆಗೆಲ್ಲಾ ನಮ್ಮ ಹುಲಿಕುಂಟೆ ಕಡೆ ಕುರಿ ಉಣ್ಣೆ ಕತ್ತರಿಸಿದ ಮೇಲೆ ಮನೆ ಮನೆಯಲ್ಲೂ ರಾಟೆ ಸದ್ದು. ಮುದ್ದೆ ಬಾಯಿಗಿಟ್ಟರೂ ಉಣ್ಣೆ ಜಿಡ್ಡಿನ ವಾಸನೆ, ಹುರುಳಿ ಸಾರಿನಲ್ಲೂ ಒಂದೆರಡು ಕರಿ ಎಳೆ. ನಾವು ಹುಡುಗರು ಉಣ್ಣೆ ಗುಡ್ಡೆ ಮೇಲೆ ಹೊರಳಾಡಿ ಬೈಸಿಕೊಳ್ಳುತ್ತಿದ್ದೆವು. ಸದ್ದು ಕೇಳಿದರೇ ಯಾರ ಮನೆ ರಾಟೆ ಅಂತ ಗೊತ್ತಾಗುತ್ತಿತ್ತು. ಪಕ್ಕದ ಮನೆ ಗಂಗಕ್ಕನದು ಸೈಕಲ್ ರಿಮ್ಮಿನದು, ಕಿರ್ರೆನ್ನುತ್ತಿತ್ತು. ನಮ್ಮದು ಮರದ ಕಡ್ಡಿಗಳ ಚಕ್ರ, ಕಡ್ಡಿಯಿಂದ ಕಡ್ಡಿಗೆ ದಾರ ಬಿಗಿದದ್ದು. ದುಂಬಿ ಹಾಗೆ ಗುಂಯ್ ಅನ್ನುತ್ತಿತ್ತು. ಕುರಿ ಹಿಂದೆ ಹೋಗುವ ಅಪ್ಪನಿಗೆ ರಾಟೆಯೇ ಬೇಡ. ಕೈಯಲ್ಲೊಂದು ತಕಲಿ, ನಡೆಯುತ್ತಲೇ ನೂಲು.

ಆ ವರ್ಷ ಅಕ್ಕನ ಮದುವೆ ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮದುವಣಗಿತ್ತಿ ಕೂರುವ ಗದ್ದಿಗೆಗೆ ಹಾಸುವ ಕಂಬಳಿ, ಹೆತ್ತವಳು ನೂತ ನೂಲಿನದೇ ಆಗಬೇಕು. ಅವ್ವ ಕರಿ ಉಣ್ಣೆ ಆರಿಸಿ, ಬಿಲ್ಲಿನಿಂದ ಬಡಿದು ಹಗುರ ಮಾಡಿ, ಬತ್ತಿಯಂತೆ ಹೊಸೆದು ಬುಟ್ಟಿ ತುಂಬಿಟ್ಟಿದ್ದಳು. ಅಷ್ಟರಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಚಕ್ರ ತಿರುಗಿಸುವುದು ಬಲಗೈ, ನೂಲು ಎಳೆಯುವುದು ಎಡಗೈ. ಎಡಗೈ ಇನ್ನೂ ಗಟ್ಟಿಯಾಗಿತ್ತು.

"ನೀನು ತಿರುಗ್ಸು ಕಣ್ಲಾ, ನಾನು ಎಳೀತೀನಿ" ಅಂದಳು ನನಗೆ.

ಜೋರಾಗಿ ತಿರುಗಿಸಿದರೆ ನೂಲಿಗೆ ಹುರಿ ಹೆಚ್ಚಾಗಿ ಗಂಟಾಗುತ್ತಿತ್ತು. ಮೆತ್ತಗೆ ತಿರುಗಿಸಿದರೆ ಬಿಚ್ಚಿಕೊಂಡು ಅವಳ ಕೈಗೇ ಬರುತ್ತಿತ್ತು.

"ಮೆಲ್ಲಗೆ ಕಣ್ಲಾ. ತೋಳ ಕಂಡ ಕುರಿಯಂಗೆ ಓಡ್ತೀಯಲ್ಲ."

"ನೀನು ಯಾವಾಗ ಎಳೀತೀಯ ಅಂತ ನಂಗೆ ಹೆಂಗವ್ವಾ ಗೊತ್ತಾಗ್ತದೆ?"

ಅವ್ವ ಯೋಚನೆ ಮಾಡಿದಳು. "ನಂಗೂ ಗೊತ್ತಿಲ್ಲ. ಇಷ್ಟು ದಿನ ಕೇಳ್ದೋರ್ಯಾರು?"

ಹುಡುಗನ ಕೈಗೂ ಹದವಾಗಿ ತಿರುಗುತ್ತದೆ ಅಂತ ಗಂಗಕ್ಕ, ಎಲ್ಲೋ ತರಬೇತಿಯಲ್ಲಿ ತನಗೆ ಕೊಟ್ಟಿದ್ದ ಪೆಟ್ಟಿಗೆ ರಾಟೆ ತಂದಳು. ಅದು ಹತ್ತಿಗೆಂದು ಮಾಡಿದ್ದು. ನಮ್ಮ ಒರಟು ಉಣ್ಣೆಗೆ ಅದರ ನೂಲು ಸುತ್ತುವ ಕದಿರು ನಡುಗಿ ನಿಂತುಹೋಯಿತು. ಆಮೇಲೆ ವೈ.ಎನ್.ಹೊಸಕೋಟೆಯಿಂದ ಅವ್ವನ ತಮ್ಮ, ನಮ್ಮ ಮಾವ, ಬಸ್ಸಿನ ಟಾಪಿನ ಮೇಲೆ ಕಾಲಲ್ಲಿ ತುಳಿಯುವ ರಾಟೆ ಹೇರಿಕೊಂಡು ಬಂದ.

"ಎಡಗಾಲೈತೆ, ಎಡಗೈ ಐತೆ. ಇನ್ನೇನಕ್ಕಾ?"

ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಎಡಗಾಲು ಒತ್ತಿದಳು. ಮೈ ಬಲಕ್ಕೆ ಜಾರಿತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳನ್ನು ಕಂಬಕ್ಕೆ ಒರಗಿಸಿ ಕಟ್ಟಿದ.

"ಎಮ್ಮೆ ಕಟ್ದಂಗೆ ಕಟ್ಟಿದಿಯಲ್ಲ."

"ಎಮ್ಮೆಯಾದ್ರೆ ಹಾಲಾದ್ರೂ ಕೊಡೋದು."

ಎಲ್ಲರೂ ನಕ್ಕೆವು, ಅವ್ವನೂ. ನೂಲು ಬಂತು, ಸಮನಾಗಿ ಬಂತು. ಅಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಒಂದು ಕದಿರು ತುಂಬುವಷ್ಟರಲ್ಲಿ ಅವ್ವನ ಎಡಗಾಲು ತಾನಾಗಿ ನಡುಗತೊಡಗಿತು. ಕತ್ತು ವಾಲಿತು. ಆದರೂ ತುಳಿಯುತ್ತಲೇ ಇದ್ದಳು. ಅಪ್ಪ ಚಕ್ರ ಹಿಡಿದು ನಿಲ್ಲಿಸಿದ.

"ಸಾಕು ಬುಡು."

"ಬುಟ್ಟಿ ಇನ್ನೂ ಅಂಗೇ ಐತಲ್ಲ."

ಅಪ್ಪ ಟವೆಲ್ಲಿನ ಗಂಟು ಬಿಚ್ಚಿದ. ನೇಯುವವನು ಆ ನೂಲು ನೋಡಿ, "ಇದು ಅಂಚಿಗೂ ಸಾಲಲ್ಲ ಕಣಣ್ಣ" ಅಂದ. ಶಿರಾ ಸಂತೆಯಿಂದ ಕಂಬಳಿ ಬಂತು. ಮದುವೆ ದಿನ ಅವ್ವನನ್ನು ಗದ್ದಿಗೆ ಪಕ್ಕ ಕೂರಿಸಿದ್ದೆವು. ಎಡಗೈಯಿಂದ ಕಂಬಳಿ ತುದಿ ಎಳೆದುಕೊಂಡು, ಒಂದು ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದಳು.

"ಯಾವ ತಾಯಿ ಕೈಯೋ, ಚೆನ್ನಾಗಿ ನೂತವ್ಳೆ. ಕೂತ್ಕೋ ಮಗ."

ಅಕ್ಕ ತಲೆ ಎತ್ತದೆ ಕೂತಳು.

ಈಗ ನಮ್ಮೂರಲ್ಲಿ ಒಂದು ರಾಟೆಯೂ ತಿರುಗುವುದಿಲ್ಲ. ಕತ್ತರಿಸಿದ ಉಣ್ಣೆಯನ್ನು ರಸ್ತೆ ಪಕ್ಕ ಸುರಿದು ಹೋಗುತ್ತಾರೆ. ಸ್ಕೂಲು ಅರ್ಧಕ್ಕೆ ಬಿಟ್ಟು ಕರಣೆ ಹಿಡಿದವನು ನಾನು. ಪಾವಗಡದಿಂದ ಮಧುಗಿರಿವರೆಗೆ ನನ್ನ ಕೈಯಲ್ಲಿ ಎದ್ದ ಗೋಡೆಗಳಿವೆ, ಒಂದೂ ಬಿರುಕು ಬಿಟ್ಟಿಲ್ಲ. ಮೊನ್ನೆ ಮಗಳ ಮದುವೆಗೆ ಗದ್ದಿಗೆ ಕಂಬಳಿ ತರಲು ಹೋದೆ. ಅಂಗಡಿಯವನು ಮೆಷಿನ್ನಿನದೊಂದು ಬಿಚ್ಚಿ ಹಾಸಿದ. ಮೆತ್ತಗೆ, ಒಂದೇ ಸಮ. ಈ ತುದಿಯಿಂದ ಆ ತುದಿವರೆಗೆ ತಡಕಿದೆ. ಯಾರ ಕೈಯೂ ಸಿಗಲಿಲ್ಲ.

"ಬೇರೆ ಐತಾ?" ಅಂದೆ.

"ಇರೋದೇ ಇದು ಅಣ್ಣ."

ಮಡಚಿ ಹೆಗಲಿಗೆ ಹಾಕಿಕೊಂಡು ಬಂದೆ.