ಅಕ್ಕ ಹೇಳಿಕೊಟ್ಟ ಎಕ್ಸ್

ಇವತ್ತು ಮಗಳ ಗಣಿತದ ಪುಸ್ತಕದಲ್ಲಿ ‘ಎಕ್ಸ್’ ಕಂಡೊಡನೆ ಔರಾದದ ನಮ್ಮ ಅಡುಗೆಮನೆ ನೆನಪಾಯಿತು. ಚಿಕ್ಕಂದಿನಲ್ಲೊಮ್ಮೆ ಶಾಲೆಯಲ್ಲಿ ಅದು ತಿಳಿಯದೆ ಅಳುತ್ತಾ ಮನೆಗೆ ಬಂದಿದ್ದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ, ಹಿಟ್ಟಿನ ಕೈಯಲ್ಲೇ ಒಂದಿಷ್ಟು ತೊಗರಿಕಾಳಿನ ಮೇಲೆ ಬಟ್ಟಲು ಮುಚ್ಚಿ, ಪಕ್ಕದಲ್ಲಿ ಮೂರು ಕಾಳು ಇಟ್ಟಳು.

“ಎಲ್ಲಾ ಕೂಡಿ ಏಳು ಅದಾವ. ಬಟ್ಟಲದಾಗ ಎಷ್ಟು? ಗೊತ್ತಾಗೋ ತನಕ ಅದಕ್ಕ ಎಕ್ಸ್ ಅನ್ನು.”

“ನಾಕು!” ಎಂದು ಕುಣಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ ನಕ್ಕರು. ಅಕ್ಕನನ್ನು ಎಂಟನೆಯ ತರಗತಿಗೇ ಶಾಲೆ ಬಿಡಿಸಿದ್ದವರು ಅವರೇ. ಆ ನಗುವಿನಿಂದ ಅಕ್ಕನಿಗೆ ಧೈರ್ಯ ಬಂತು.

“ನಾನೂ ಮತ್ತ ಸಾಲಿಗಿ ಹೋಗ್ಲೇನ್ರಿ ಅಪ್ಪಾ?”

“ರೊಟ್ಟಿ ಸುಡ್ಲಾಕತ್ತದ, ಅದು ನೋಡು,” ಎಂದು ಅಪ್ಪ ಹೊರಗೆ ಹೋದರು. ಅಕ್ಕ ಮತ್ತೆಂದೂ ಕೇಳಲಿಲ್ಲ. ಮುಂದಿನ ಬೇಸಿಗೆಗೆ ಅವಳನ್ನು ಭಾಲ್ಕಿಗೆ ಮದುವೆ ಮಾಡಿ ಕೊಟ್ಟರು.

ಈಗಷ್ಟೇ ಅವಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

“ನನಗ ಯಾವ ಲೆಕ್ಕ ಬರ್ತಿತ್ತವ್ವಾ? ನೀ ಬ್ಯಾರೆ ಯಾರನ್ನೋ ನೆನಸ್ಲಾಕತ್ತಿದಿ,” ಅಂದಳು.